ಗವಿಯಪ್ಪನ ಜ್ಞಾಪಕಶಕ್ತಿ

ಹೊಳೆದಂಡೆಯ ಆಶ್ರಮದಲ್ಲಿ ಮಹಲಿಂಗ ಪಂಡಿತರು ವೈದ್ಯ ಕಲಿಸುತ್ತಿದ್ದರು. ಅವರ ಶಿಷ್ಯರಲ್ಲಿ ನರಹರಿಗೆ ಎಂಟುನೂರು ಶ್ಲೋಕ ಬಾಯಿಪಾಠ. ಗವಿಯಪ್ಪನಿಗೆ ಎರಡು, ಅದೂ ತಪ್ಪು ತಪ್ಪಾಗಿ.

ಮೂರು ವರ್ಷ ಹೆಣಗಿದ ಮೇಲೆ ಗವಿಯಪ್ಪ ಬಟ್ಟೆಯ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ನನ್ ತಲೇಲಿ ಏನೂ ನಿಲ್ಲಲ್ಲ, ಬುದ್ಧಿ. ನಾನು ವೈದ್ಯ ಆಗೋದು ಆಗದ ಮಾತು. ಅಪ್ಪಣೆ ಕೊಡಿ."

ಪಂಡಿತರು ಬಾಯಿ ತೆರೆಯುವ ಮೊದಲೇ ಅಂಬಿಗನೊಬ್ಬ ಓಡಿ ಬಂದ. ಆಚೆ ದಡದ ಹಟ್ಟಿಯಲ್ಲಿ ನಾಲ್ಕು ಮಕ್ಕಳಿಗೆ ಅಮ್ಮ ಎದ್ದಿತ್ತು, ಸಿಡುಬು. ನೀರು ಕುಡಿಸಲೂ ಹೆದರಿ ಜನ ದೂರ ನಿಂತಿದ್ದರು.

ನರಹರಿ ಮದ್ದಿನ ಚೀಲ ಹೆಗಲಿಗೇರಿಸಿದ. ಹೆದರುವವನಲ್ಲ ಅವನು.

"ಇಳಿಸು. ಗವಿಯಪ್ಪ ಹೋಗ್ತಾನೆ," ಎಂದರು ಪಂಡಿತರು.

"ಗುರುಗಳೇ, ಅವನಿಗೆ ಏನೂ ನೆನಪಿರೋದಿಲ್ಲ," ಎಂದ ನರಹರಿ.

ಪಂಡಿತರು ಗವಿಯಪ್ಪನ ಕೆನ್ನೆಯ ಹಳೆಯ ಸಿಡುಬಿನ ಕುಳಿಗಳ ಮೇಲೆ ಬೆರಳಾಡಿಸಿದರು. "ಇದು ಯಾವಾಗ ಬಂದದ್ದು?"

"ಏಳು ವರ್ಷದವನಿದ್ದಾಗ. ಸತ್ತೇ ಹೋದ ಅಂತ ಗುಂಡಿ ತೋಡಿದ್ರಂತೆ."

"ಆಮೇಲೆ?"

"ಆಮೇಲೆ ತಂಗಿಗೆ ಬಂತು. ಅವಳ ಮಗ್ಗುಲಲ್ಲೇ ಮಲಗ್ತಿದ್ದೆ. ನಂಗೇನೂ ಆಗ್ಲಿಲ್ಲ."

"ಈ ರೋಗವೆಂಬ ಶತ್ರು ಮೊದಲ ಸಲ ಬಂದಾಗ ಅವನು ಯಾರೆಂದು ನಿನ್ನ ರಕ್ತಕ್ಕೆ ಗೊತ್ತಿರಲಿಲ್ಲ. ತಡಕಾಡಿ, ಗುರುತು ಹಿಡಿದು, ಅವನಿಗೆ ತಕ್ಕ ಆಯುಧ ಮಾಡಿಕೊಳ್ಳುವಷ್ಟರಲ್ಲಿ ನೀನು ಜ್ವರದಲ್ಲಿ ಬೆಂದುಹೋದೆ. ಎರಡನೇ ಸಲ ಬಂದಾಗ ಹೊಸಿಲಲ್ಲೇ ಗುರುತು ಸಿಕ್ಕಿತು. ನರಹರಿಯ ರಕ್ತ ಅವನನ್ನು ಇನ್ನೂ ನೋಡಿಯೇ ಇಲ್ಲ. ಈಗ ಹೇಳು, ಯಾರಿಗಪ್ಪ ಜ್ಞಾಪಕಶಕ್ತಿ ಕಡಿಮೆ?"

ಗವಿಯಪ್ಪ ಕೆನ್ನೆ ಮುಟ್ಟಿಕೊಂಡ. ಇಷ್ಟು ವರ್ಷ ಜನರ ಮುಂದೆ ಬಗ್ಗಿಸಿಕೊಂಡೇ ಓಡಾಡಿದ್ದ ಮುಖ ಅದು. ಗಂಟನ್ನು ಅಲ್ಲೇ ಬಿಟ್ಟು ಹರಿಗೋಲು ಹತ್ತಿದ.

ಇಪ್ಪತ್ತೈದು ದಿನ ಹಟ್ಟಿಯಲ್ಲೇ ಇದ್ದ. ಗಂಜಿ ಕುಡಿಸಿದ, ಹುಣ್ಣು ತೊಳೆದ, ಬೇವಿನ ಸೊಪ್ಪು ಬೀಸಿ ನೊಣ ಓಡಿಸಿದ. ಅಳುವ ಮಕ್ಕಳಿಗೆ ತನ್ನ ಮುಖವನ್ನೇ ತೋರಿಸಿ, "ನೋಡ್ರೋ, ನಾನು ಗೆದ್ದಿದೀನಿ, ನೀವೂ ಗೆಲ್ತೀರಿ" ಅಂದ. ನಾಲ್ಕೂ ಮಕ್ಕಳು ಎದ್ದು ಕೂತವು. ಅವನ ಮೈಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

ಉಟ್ಟ ಬಟ್ಟೆ ಸುಟ್ಟು, ಮಿಂದು ಮಡಿಯುಟ್ಟು ಅವನು ಆಶ್ರಮಕ್ಕೆ ಮರಳಿದಾಗ ಪಾಠ ನಡೆದಿತ್ತು. ಹೆಮ್ಮೆಯಿಂದ ಎದೆ ಉಬ್ಬಿತ್ತು, ಸುಳ್ಳೇಕೆ? ಆದರೂ ಕಾಲು ಮಾತ್ರ ಅಭ್ಯಾಸಬಲದಿಂದ ಹಿಂದಿನ ಸಾಲಿನ ಕಡೆಗೇ ನಡೆಯಿತು.

ಪಂಡಿತರು ಓಲೆಗರಿ ಕೆಳಗಿಟ್ಟು ಮುಂದಿನ ಸಾಲಿನತ್ತ ನೋಡಿದರು.

"ನರಹರಿ, ಸ್ವಲ್ಪ ಸರಿದುಕೊ. ವೈದ್ಯರು ಬಂದಿದ್ದಾರೆ, ಕೂತುಕೊಳ್ಳಲಿ."