ಸ್ಕ್ಯಾನರ್ ನಿಂತ ಜಾಗ

ಹೊಳೆಯ ದಂಡೆಯ ಮೇಲೊಂದು ಆಶ್ರಮವಿತ್ತು. ಅಲ್ಲಿ ಜಪ ತಪ ಕಡಿಮೆ, ಅಳತೆ ಹೆಚ್ಚು. ಹಳೆಯ ಕಟ್ಟಡಗಳನ್ನು ಅಳೆದು, ಅವುಗಳ ಒಳಗಿನ ನೀರಿನ ಪೈಪು, ಗಟಾರ, ಕರೆಂಟಿನ ತಂತಿ ಎಲ್ಲೆಲ್ಲಿ ಹಾದುಹೋಗಿವೆ ಎಂದು ನಕ್ಷೆ ಬರೆಯುವ ವಿದ್ಯೆ ಅಲ್ಲಿಯದು.

ಕಲಿಸುವವರು ಅಡಿವೆಪ್ಪಜ್ಜ. ವಯಸ್ಸು ಎಂಬತ್ತರ ಹತ್ತಿರ. ಇಂಥ ಮುದುಕರು ಹೊಸ ಯಂತ್ರ ಕಂಡರೆ ಮೂಗು ಮುರಿಯುತ್ತಾರೆಂದು ನೀವು ಅಂದುಕೊಂಡಿದ್ದರೆ ಅದು ತಪ್ಪು. ಹೊಸ ಯಂತ್ರ ಬಂದ ದಿನ ಅಜ್ಜನಿಗೆ ಹಬ್ಬ. ಶಿಷ್ಯರಿಗಿಂತ ಮೊದಲು ತಾವೇ ಪೆಟ್ಟಿಗೆ ಬಿಚ್ಚಿ ಕೂರುತ್ತಿದ್ದರು.

ಫಕೀರೇಶ ಅವರ ಬಳಿ ನಾಲ್ಕು ವರ್ಷದಿಂದ ಇದ್ದ. ಕೈ ಚುರುಕು, ತಲೆಯೂ ಚುರುಕು. ತಾಳ್ಮೆಯ ಮಾತು ಬೇರೆ. ಈವರೆಗೆ ಅವನು ಬರೆದ ಎಲ್ಲ ನಕ್ಷೆಗಳಿಗೂ ಅಜ್ಜನೇ ಸಹಿ ಹಾಕಿದ್ದರು. ಗುರು ಒಪ್ಪುವತನಕ ಶಿಷ್ಯ ತನ್ನ ಸಹಿ ಹಾಕುವಂತಿಲ್ಲ, ಅದು ಆಶ್ರಮದ ಪದ್ಧತಿ.

ಒಂದು ದಿನ ಅಜ್ಜ ಅವನನ್ನು ಕರೆದರು.

“ನಮ್ಮ ಅಡಿಗಿಮನಿ ನೆಲ ಕಡದು ಹೊಸಾ ಗಟಾರ ಹಾಕೂದೈತಿ. ಸೋಮವಾರ ಕಲ್ಲು ಕೊರಿಯೋರು ಬರ್ತಾರ. ಯಾವ ಪೈಪು ಎಲ್ಲಿ ಐತಿ ಅಂತ ಒಂದು ನಕ್ಷಾ ಬೇಕು.”

“ಬರದು ಕೊಡ್ತೀನ್ರಿ ಅಜ್ಜಾರ.”

“ಎರಡು ಲೇಸರ್ ಸ್ಕ್ಯಾನರ್ ಅದಾವು. ಒಂದು ನೀ ತಗೋ, ಇನ್ನೊಂದು ನೀಲಗಂಗಾ ತಗೊಳ್ಳಿ. ಎರಡೂ ಹೋಲಿಸಿ ಯಾವುದು ಚಲೋ ಅಂತ ನೀನ ಹೇಳು. ನಕ್ಷಾ ಸರಿ ಬಂತಂದ್ರ ಈ ಸಲ ಸಹಿ ನಿಂದು.”

ಫಕೀರೇಶನ ಕಾಲು ಆಮೇಲೆ ನೆಲದ ಮೇಲೆ ನಿಲ್ಲಲಿಲ್ಲ.

ಸ್ಕ್ಯಾನರ್ ಅಂದರೆ ಸುತ್ತಲೂ ಬೆಳಕಿನ ಕಿರಣ ಬಿಡುವ ಯಂತ್ರ. ಕಿರಣ ತಾಗಿದ ಕಡೆಯೆಲ್ಲ ಒಂದೊಂದು ಚುಕ್ಕಿ ಗುರುತಾಗುತ್ತದೆ. ಅಂಥ ಕೋಟಿ ಚುಕ್ಕಿಗಳು ಸೇರಿದರೆ ಕಂಪ್ಯೂಟರಿನ ಪರದೆಯ ಮೇಲೆ ಇಡೀ ಕೋಣೆ ಎದ್ದು ನಿಲ್ಲುತ್ತದೆ. ನೆಲದೊಳಗಿನ ಪೈಪು ಅದಕ್ಕೆ ಕಾಣದು, ಮೇಲೆ ಕಾಣುವ ಗುರುತುಗಳನ್ನು ಹಿಡಿದು ಒಳಗಿನ ದಾರಿಯನ್ನು ಲೆಕ್ಕಹಾಕಬೇಕು.

ಫಕೀರೇಶ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಂತು ತಿರುಗುವ ಯಂತ್ರವನ್ನು ಆರಿಸಿಕೊಂಡ. ಅದು ನಿಧಾನ, ಆದರೆ ಅಕ್ಕಿಕಾಳಿನಷ್ಟೂ ತಪ್ಪುವುದಿಲ್ಲ. ಅವನಿಗಿಂತ ಒಂದು ವರ್ಷ ಕಿರಿಯ ಶಿಷ್ಯೆ ನೀಲಗಂಗಾಳಿಗೆ ಉಳಿದದ್ದು ಕೈಯಲ್ಲಿ ಹಿಡಿದು ನಡೆಯುವ ಯಂತ್ರ. ಅದು ಬೇಗ ಮುಗಿಸುತ್ತದೆ, ಮೂಲೆ ಮೂಲೆಗೂ ಹೋಗುತ್ತದೆ. ಆದರೆ ನಡೆದಷ್ಟೂ ಅದರ ಲೆಕ್ಕ ಚೂರು ಚೂರೇ ಜಾರುತ್ತದೆ. ಹೊರಟ ಜಾಗಕ್ಕೇ ಮರಳಿ ಬಂದು ನಿಲ್ಲಿಸಿದರೆ ಮಾತ್ರ ಆ ಜಾರಿಕೆ ಸರಿಹೋಗುತ್ತದೆ.

ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಲೆಗಳು, ಕೊಪ್ಪರಿಗೆಗಳು, ಜೋಳದ ಚೀಲಗಳು, ಕಟ್ಟಿಗೆಯ ರಾಶಿ. ಫಕೀರೇಶ ಹುಡುಕಿ ಹುಡುಕಿ ಏಳು ಜಾಗ ಗೊತ್ತುಮಾಡಿಕೊಂಡ. ನಟ್ಟನಡುವೆ ಒಂದು ಕಡೆ ಮಾತ್ರ ಏನೂ ಇರಲಿಲ್ಲ, ನೆಲಕ್ಕೊಂದು ಗೋಣಿಚೀಲ ಹಾಸಿತ್ತು ಅಷ್ಟೆ. ದೇವರು ತನಗಾಗಿಯೇ ಬಿಟ್ಟ ಜಾಗ ಎಂದುಕೊಂಡು, ಸ್ಟ್ಯಾಂಡಿನ ಮೂರು ಕಾಲನ್ನು ಗೋಣಿಯ ಸುತ್ತ ಊರಿದ.

ಅವನಿಗೆ ಎರಡು ದಿನ ಹಿಡಿಯಿತು. ನೀಲಗಂಗಾ ಅರ್ಧ ಗಂಟೆಯಲ್ಲಿ ಮುಗಿಸಿದಳು. ಕೊನೆಗೆ ಅವಳು ಹೊರಟ ಬಾಗಿಲಿಗೆ ಮರಳಬೇಕಿತ್ತು. ಅಷ್ಟರಲ್ಲಿ ಅಡುಗೆಯ ಸಾವಂತ್ರೆವ್ವ ಆ ದಾರಿಯಲ್ಲಿ ಸಾರಿನ ಕೊಪ್ಪರಿಗೆ ಇಳಿಸಿ, ಅತ್ತ ಯಾರೂ ಸುಳಿಯದಂತೆ ಮಾಡಿದ್ದಳು. ನೀಲಗಂಗಾ ಬಾಗಿಲು ಮುಟ್ಟದೆ ನಡುವೆಯೇ ನಿಲ್ಲಿಸಬೇಕಾಯಿತು.

ಎರಡನ್ನೂ ಪರದೆಯ ಮೇಲೆ ಇಟ್ಟು ನೋಡಿದಾಗ, ಅವಳ ಗೋಡೆಗಳು ವಾಲಿದ್ದು ಕಂಡು ಫಕೀರೇಶನಿಗೆ ನಗು ತಡೆಯಲಾಗಲಿಲ್ಲ.

“ನಿನ್ನ ಗ್ವಾಡಿ ಕುಡದು ನಿಂತಂಗ ಐತಲ್ಲೇ ನೀಲಾ!”

“ನಾಕು ಬೆರಳು ಸೊಟ್ಟ ಆಗೈತಿ, ಖರೆ. ಆದರ ಇಲ್ಲಿ ನಡುಕ ಒಂದು ಉಬ್ಬು ಐತಿ ನೋಡು. ನಿಂದರಾಗ ಅದು ಇಲ್ಲ.”

“ಗ್ವಾಡಿ ಸೊಟ್ಟ ಮಾಡಿದ ಯಂತ್ರ ನೆಲಾ ಬಿಡತೈತೇನು? ನಂದರಾಗ ನೆಲ ಸಪಾಟ ಐತಿ.”

ಅವನು ಆ ಉಬ್ಬನ್ನು ಅಳಿಸಿಬಿಟ್ಟ.

ನಿಜ ಹೇಳಬೇಕೆಂದರೆ ಅವನ ಸ್ಕ್ಯಾನಿನಲ್ಲಿ ಅಲ್ಲಿ ನೆಲವೇ ಇರಲಿಲ್ಲ. ಸ್ಟ್ಯಾಂಡಿನ ಯಂತ್ರಕ್ಕೆ ತನ್ನ ಕಾಲ ಕೆಳಗಿನದು ಕಾಣುವುದಿಲ್ಲ. ಅದು ನಿಂತ ಕಡೆಯೆಲ್ಲ ಒಂದು ದುಂಡನೆಯ ಕಪ್ಪು ಖಾಲಿ ಜಾಗ ಉಳಿಯುತ್ತದೆ. ಬೇರೆ ಕಡೆಯಿಂದ ನೋಡಿದಾಗ ಅದು ತುಂಬಬೇಕು. ಇಲ್ಲಿ ಕೊಪ್ಪರಿಗೆಗಳು ಅಡ್ಡ ನಿಂತಿದ್ದವು. ಆದರೆ ಸುತ್ತಲಿನ ನೆಲವನ್ನೇ ಎಳೆದು ಆ ಖಾಲಿ ಜಾಗವನ್ನು ಮುಚ್ಚುವ ಬಟನ್ನೊಂದು ಕಂಪ್ಯೂಟರಿನಲ್ಲಿದೆ. ಫಕೀರೇಶ ಅದನ್ನು ಏಳು ಸಲ ಒತ್ತಿದ್ದ. ಎಲ್ಲರೂ ಒತ್ತುತ್ತಾರೆ, ಅವನೂ ಒತ್ತಿದ.

ಶನಿವಾರ, ಹೊಸ ಗಟಾರದ ಗೆರೆಯನ್ನೂ ಎಳೆದ ನಕ್ಷೆ ಹಿಡಿದು ಅಜ್ಜನ ಮುಂದೆ ನಿಂತ. ಅಜ್ಜ ಕನ್ನಡಕ ಒರೆಸಿಕೊಂಡು ನೋಡಿದರು.

“ಭಾಳ ಚೆಂದ ಐತಿ. ಯಾವ ಯಂತ್ರ ಚಲೋ?”

“ಸ್ಟ್ಯಾಂಡಿಂದ್ರಿ. ಅದಕ್ಕೂ ಇದಕ್ಕೂ ಹೋಲಿಕೀನ ಇಲ್ಲ.”

“ಇದರಾಗ ನೀ ಎಲ್ಲಿ ನಿಂತಿದ್ದಿ?”

“ನಕ್ಷಾದಾಗ ನಾ ಯಾಕ ಇರ್ತೀನ್ರಿ ಅಜ್ಜಾರ?”

ಅಜ್ಜ ನಕ್ಷೆಯನ್ನು ಸುತ್ತಿ ಪಕ್ಕಕ್ಕಿಟ್ಟರು.

“ಊಟದ ಹೊತ್ತಾತು. ಇವತ್ತು ನಿನ್ನ ಯಂತ್ರ ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲೇ ಕುಂತು ಉಣ್ಣು. ಒಂದೊಂದು ಜಾಗದಾಗ ಒಂದೊಂದು ರೊಟ್ಟಿ.”

“ಏಳು ರೊಟ್ಟಿ ಆಕ್ಕಾವ್ರಿ!”

“ಪಲ್ಯ ಜಾಸ್ತಿ ಹಾಕಿಸ್ಕೋ.”

ಅಜ್ಜನ ಮಾತಿಗೆ ಎದುರಾಡುವಂತಿರಲಿಲ್ಲ. ಫಕೀರೇಶ ತಾಟು ಹಿಡಿದು ಬಾಗಿಲ ಬಳಿ ಒಂದು ರೊಟ್ಟಿ ತಿಂದ. ಕಟ್ಟಿಗೆಯ ರಾಶಿಯ ಪಕ್ಕ ಇನ್ನೊಂದು. ಮೂರನೆಯದಕ್ಕೆ ಹೊಟ್ಟೆ ಸಾಕೆಂದಿತು. ಸಾವಂತ್ರೆವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ನಾಲ್ಕನೆಯದು ನಡುವಿನ ಜಾಗ. ಗೋಣಿಚೀಲದ ಮೇಲೆ ಕುಳಿತ. ಕೆಳಗೆ ಏನೋ ಒತ್ತಿತು. ಸರಿದು ಕುಳಿತ, ಮತ್ತೆ ಒತ್ತಿತು. ತಾಟು ಕೆಳಗಿಟ್ಟು ಗೋಣಿ ಎತ್ತಿದ.

ನೆಲದಿಂದ ಎರಡು ಬೆರಳು ಮೇಲೆದ್ದ ಕಬ್ಬಿಣದ ಮುಚ್ಚಳ.

“ಯವ್ವಾ, ಇದೇನಿದು?”

“ನೀರಿನ ವಾಲ್ವ್ ಅಲ್ಲೇನೋ ತಮ್ಮಾ. ಟಾಕಿ ನೀರೆಲ್ಲಾ ಅದರ ಕೆಳಗ ಹಾದು ಹೊಕ್ಕೈತಿ. ಯಾರರ ಎಡವಿ ಬಿದ್ದಾರಂತ ಗೋಣಿ ಹಾಸೀನಿ.”

“ಅದಕ್ಕ ಇಲ್ಲಿ ಏನೂ ಇಟ್ಟಿಲ್ಲೇನು?”

“ಮತ್ತ? ಈ ಅಡಿಗಿಮನ್ಯಾಗ ಸುಮ್ಮ ಸುಮ್ಮನ ಯಾರು ಜಾಗ ಬಿಡ್ತಾರ?”

ಫಕೀರೇಶ ಮುಚ್ಚಳದ ಮೇಲೆ ಕೈಯಿಟ್ಟ. ಅವನ ನಕ್ಷೆಯಲ್ಲಿ ಹೊಸ ಗಟಾರದ ಗೆರೆ ಹಾದುಹೋದದ್ದು ಸರಿಯಾಗಿ ಅಲ್ಲಿಯೇ. ಅದನ್ನು ನಂಬಿ ಸೋಮವಾರ ಕಲ್ಲು ಕೊರೆದಿದ್ದರೆ ಇಡೀ ಆಶ್ರಮಕ್ಕೆ ಕುಡಿಯಲು ನೀರಿರುತ್ತಿರಲಿಲ್ಲ. ಆ ನಕ್ಷೆಯ ಕೆಳಗೆ ಅವನ ಹೆಸರು ಇರುತ್ತಿತ್ತು. ಅವನಿಗೆ ಹೆದರಿಕೆಯಾಯಿತು, ಹೆದರಿಕೆಗಿಂತ ನಾಚಿಕೆ ಹೆಚ್ಚಾಯಿತು.

ಉಳಿದ ಮೂರು ಜಾಗಗಳಲ್ಲೂ ಹೋಗಿ ಕುಳಿತ. ರೊಟ್ಟಿ ಮುಟ್ಟಲಿಲ್ಲ. ನೆಲವನ್ನು ಕೈಯಿಂದ ಸವರಿ ಸವರಿ ನೋಡಿದ.

ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕುಳಿತು ನೀರಿನಲ್ಲಿ ಕಾಲು ಇಳಿಬಿಟ್ಟಿದ್ದರು. ಫಕೀರೇಶ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

“ನಿಮಗ ಮೊದಲ ಗೊತ್ತಿತ್ತೇನ್ರಿ ಅಜ್ಜಾರ, ಅಲ್ಲಿ ವಾಲ್ವ್ ಐತಿ ಅಂತ?”

“ಇಲ್ಲೋ. ಸಾವಂತ್ರೆವ್ವ ನನ್ನ ಒಳಗ ಬಿಟ್ಟು ಎಷ್ಟೋ ವರ್ಷಾತು.”

“ಮತ್ತ ರೊಟ್ಟಿ?”

“ಗೊತ್ತಿರಲಿಲ್ಲ, ಅದಕ್ಕ ಏಳು ತಿನ್ನು ಅಂದೆ. ಗೊತ್ತಿದ್ದಿದ್ರ ಒಂದ ಸಾಕಿತ್ತು.”

ಫಕೀರೇಶ ಅಜ್ಜನ ಪಕ್ಕದ ಮೆಟ್ಟಿಲ ಮೇಲೆ ಕುಳಿತ.

“ಹಂಗಾದರ ನಡಿಯೂ ಯಂತ್ರನ ಚಲೋ ಅಂತೀರೇನ್ರಿ?”

“ಅದರ ಗ್ವಾಡಿ ಹೆಂಗೈತಿ?”

“ಸೊಟ್ಟ ಐತ್ರಿ.”

“ಮತ್ತ ನನ್ನೇನು ಕೇಳ್ತಿ? ನಾಳೆ ಒಂದಿನ ಐತಿ, ಹೋಗು.”

ಅವನು ನೇರ ನೀಲಗಂಗಾಳ ಬಳಿ ಹೋದ.

“ನೀಲಾ, ತಪ್ಪಾತು. ನಿನ್ನ ಉಬ್ಬು ಖರೇನ ಇತ್ತು. ನಾ ಅದನ್ನ ಅಳಿಸಿಬಿಟ್ಟೆ.”

“ನಿನ್ನ ಕಂಪ್ಯೂಟರಿನ್ಯಾಗ ಅಳಿಸಿದಿ. ನಂದರಾಗ ಹಂಗ ಐತಿ,” ಎಂದಳು. “ಬಾ, ಇಬ್ಬರೂ ಕೂಡಿ ಇನ್ನೊಮ್ಮೆ ಅಳಿಯೋಣು.”

ಭಾನುವಾರ ಸಾವಂತ್ರೆವ್ವ ಗೊಣಗುತ್ತಲೇ ಸಾರನ್ನು ಬೇರೆ ಕಡೆ ಇಳಿಸಿದಳು. ನೀಲಗಂಗಾ ಕೊಪ್ಪರಿಗೆಗಳ ಸಂದಿನಲ್ಲೆಲ್ಲ ನುಸುಳಿ, ಈ ಸಲ ಹೊರಟ ಬಾಗಿಲಿಗೇ ಬಂದು ನಿಂತಳು. ಫಕೀರೇಶನ ಗೋಡೆಗಳಿಗೆ ಅವಳ ನಡಿಗೆಯ ಅಳತೆಯನ್ನು ಹೊಂದಿಸಿ ಕೂರಿಸಿದರು. ಅವನ ಏಳು ಕಪ್ಪು ಖಾಲಿ ಜಾಗಗಳಲ್ಲಿ ಅವಳ ಚುಕ್ಕಿಗಳು ತುಂಬಿಕೊಂಡವು. ಅದನ್ನು ನೋಡುತ್ತ ಫಕೀರೇಶನಿಗೆ ತುಂಬ ಖುಷಿಯಾಯಿತು, ಸೋತವನಿಗೆ ಇಷ್ಟು ಖುಷಿಯಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಗಟಾರದ ಗೆರೆಯನ್ನು ವಾಲ್ವಿನಿಂದ ದೂರ ಸರಿಸಿದ. ಒಂದು ಮಾತ್ರ ಉಳಿಯಿತು. ದೊಡ್ಡ ಒಲೆಯ ಒಂದು ಬದಿಗೆ ಒಂದು ಪೈಪು ಅದರ ಕೆಳಗೆ ಒಳಹೋಗಿತ್ತು, ಇನ್ನೊಂದು ಬದಿಗೆ ಎರಡು ಹೊರಬಂದಿದ್ದವು. ನಡುವೆ ಅವು ಎಲ್ಲಿ ಕವಲೊಡೆದಿವೆಯೋ ನಿಂತ ಯಂತ್ರಕ್ಕೂ ಕಾಣಲಿಲ್ಲ, ನಡೆದ ಯಂತ್ರಕ್ಕೂ ಕಾಣಲಿಲ್ಲ.

ಅಂದಾಜಿನ ಮೇಲೆ ಒಂದು ಗೆರೆ ಎಳೆದರೆ ನಕ್ಷೆ ಪೂರ್ತಿಯಾಗುತ್ತಿತ್ತು. ಫಕೀರೇಶನ ಕೈ ಪೆನ್ಸಿಲ್ಲಿನತ್ತ ಹೋಯಿತು, ನಿಂತಿತು. ಆ ಜಾಗವನ್ನು ಬಿಳಿಯಾಗಿಯೇ ಬಿಟ್ಟು ಅದರೊಳಗೆ ಬರೆದ: “ಗೊತ್ತಿಲ್ಲ. ಇಲ್ಲಿ ಯಂತ್ರ ಬೇಡ, ಕೈಯಿಂದ ಅಗೆಯಿರಿ.”

ಸೋಮವಾರ ಬೆಳಿಗ್ಗೆ ಕಲ್ಲು ಕೊರೆಯುವವರು ಬಾಗಿಲಲ್ಲಿ ಸಾಮಾನು ಇಳಿಸುತ್ತಿದ್ದರು. ಫಕೀರೇಶ ನಕ್ಷೆಯನ್ನು ಅಜ್ಜನ ಕೈಗಿತ್ತ.

“ಪೂರ್ತಿ ಆಗಿಲ್ರಿ ಅಜ್ಜಾರ. ಒಲಿ ಕೆಳಗಿಂದು ನಮ್ಮಿಬ್ಬರಿಗೂ ಕಾಣಲಿಲ್ಲ. ಇದಕ್ಕೂ ನೀವ ಸಹಿ ಮಾಡಿಬಿಡ್ರಿ. ನಂದು ಮುಂದಿನ ಸಲ ಆಗ್ಲಿ.”

ಅಜ್ಜ ನಕ್ಷೆಯ ಮೇಲೆಲ್ಲ ಕಣ್ಣಾಡಿಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅವನ ಕೈಗೆ ಕೊಟ್ಟರು.

ಫಕೀರೇಶ ಪೆನ್ನಿನ ಮುಚ್ಚಳ ತೆಗೆದ.

“ಎಲ್ಲಿ ಮಾಡ್ಲಿ ಅಜ್ಜಾರ? ಕೆಳಗ ಮೂಲಿಯಾಗ?”

ಅಜ್ಜನ ಬೆರಳು ಗೋಡೆಗಳನ್ನೂ ಪೈಪುಗಳನ್ನೂ ದಾಟಿ, ಒಲೆಯ ಕೆಳಗೆ ‘ಗೊತ್ತಿಲ್ಲ’ ಎಂದು ಬರೆದ ಬಿಳಿ ಜಾಗಕ್ಕೆ ಬಂದು ನಿಂತಿತು.

“ಇಲ್ಲಿ ಮಾಡು.”