ಇಲಿಮನೆಯ ಕೆಂಚ ಹೊತ್ತು ಮೀರಿ ಆಡಿದ ಮಾತು

"ಕೇಳ್ರಪ್ಪೋ ಕೇಳಿ! ಹೊಳೆಗಡಿಯ ದೊರೆಮಗಳು ಪದ್ಮಲೆ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ನೇಣು! ಮೊದಲನೆಯದು ಇಲ್ಲೇ ಕೇಳಿಕೊಳ್ಳಿ: ಒಬ್ಬಳೇ ತಾಯಿ, ಒಂದೇ ರೂಪದ ಮಕ್ಕಳು, ಎಲ್ಲರ ಒಳಗೂ ಒಂದೇ ಬರಹ. ಆದರೂ ಕೆಲವರು ಮನೆಯಾಗುತ್ತಾರೆ, ಕೆಲವರು ಮನೆಯೊಳಗಿನ ಮಗುವಾಗುತ್ತಾರೆ. ಹೀಗೆ ಹಂಚಿದವರು ಯಾರು?"

ಡಂಗುರದವನು ಸಾರಿಕೊಂಡು ಹೋದಾಗ ಕೆಂಚ ಅರಮನೆಯ ಹಿಂದಿನ ಇಲಿಮನೆಯಲ್ಲಿ ಗೂಡುಗಳಿಗೆ ಹೊಸ ಹುಲ್ಲು ಹಾಸುತ್ತಿದ್ದ. ಅವನ ಕೈ ಅಲ್ಲೇ ನಿಂತಿತು. ರಾಜವೈದ್ಯರು ಬದುಕಿದ್ದಾಗ ಬಸುರಿ ಇಲಿಗಳ ಒಡಲಿನಿಂದ ಪಿಂಡ ತೆಗೆದು, ಸಣ್ಣದನ್ನು ದೊಡ್ಡದಾಗಿ ತೋರುವ ಸ್ಫಟಿಕದ ಬಿಲ್ಲೆಯ ಕೆಳಗಿಟ್ಟು ನೋಡುತ್ತಿದ್ದರು. ಪದ್ಮಲೆ ಪಕ್ಕದಲ್ಲಿ ಕೂತು ಕಲಿಯುತ್ತಿದ್ದಳು. ಕನ್ನಡಿ ಹಿಡಿದು ಬಿಸಿಲು ಬೀಳಿಸುವುದು ಕೆಂಚನ ಕೆಲಸ. ನೀನು ನೋಡಬೇಡ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಉತ್ತರ ಅವನಿಗೆ ಗೊತ್ತಿತ್ತು.

ಸಂತೆಯಲ್ಲಿ ಕುದುರೆ ಮಾರುವ ಹೊನ್ನವ್ವನ ಮಗ ಸೋವಣ್ಣ ಒಗಟು ಬಿಡಿಸಲು ಬಂದ. ಆಸ್ಥಾನಕ್ಕೆ ಹೋಗುವ ಮುಂಚೆ ಇಲಿಮನೆಯ ಬಾಗಿಲಲ್ಲಿ ನಿಂತು ರುಮಾಲು ಸರಿಮಾಡಿಕೊಂಡ.

"ಏನೋ ಕೆಂಚ, ನಂಗಂತೂ ಏನೂ ಹೊಳೀತಿಲ್ಲ. ನಿನ್ನ ಇಲಿಗಳನ್ನಾದ್ರೂ ಕೇಳಿ ಹೇಳೋ!"

ಕೆಂಚ ನಕ್ಕುಬಿಟ್ಟ. ಹೇಳಲೇ ಎಂದುಕೊಂಡ. ಆದರೆ ಇಲಿಯ ಕಸ ಬಳಿಯುವವನ ಮಾತನ್ನು ಯಾರು ನಂಬುತ್ತಾರೆ? ತಾನು ನೋಡಿದ್ದೇ ತಪ್ಪಾಗಿದ್ದರೆ? "ಹೋಗಿ ಬಾ ಅಣ್ಣ, ಒಳ್ಳೇದಾಗಲಿ," ಎಂದಷ್ಟೇ ಹೇಳಿದ.

ಸೋವಣ್ಣ ಸಭೆಯಲ್ಲಿ "ತಾಯಿಯೇ ಹಂಚಿದಳು" ಎಂದ. ಮರುದಿನ ಅವನನ್ನು ನೇಣಿಗೆ ಹಾಕಿದರು.

ಅಂದಿನಿಂದ ಕೆಂಚನಿಗೆ ಇಲಿಗಳು ಕಿಚಕಿಚ ಎಂದಾಗಲೆಲ್ಲ ಸೋವಣ್ಣನ ತಮಾಷೆಯೇ ಕೇಳುತ್ತಿತ್ತು.

ಆಮೇಲೆ ಬಂದವನು ಕಲ್ಲೇರಿಯ ಯುವರಾಜ. ಕೆಂಚ ಜನರ ನಡುವೆ ಕಂಬಕ್ಕೊರಗಿ ನಿಂತಿದ್ದ. "ಹಣೆಬರಹ ಹಂಚಿತು," ಎಂದು ಯುವರಾಜ ಮೀಸೆ ತಿರುವಿದ. ಪದ್ಮಲೆ ತಲೆ ತಗ್ಗಿಸಿದಳು. ಭಟರು ಅವನ ತೋಳು ಹಿಡಿದರು.

"ಬುದ್ಧೀ, ತಡೀರಿ!"

ಕೂಗಿದ್ದು ತಾನೇ ಎಂದು ಕೆಂಚನಿಗೆ ತಿಳಿದದ್ದು ಎಲ್ಲರೂ ತನ್ನತ್ತ ತಿರುಗಿದ ಮೇಲೆ.

"ಯಾರೋ ನೀನು?" ಎಂದ ದೊರೆ.

"ಇಲಿಮನೆ ಕೆಂಚ, ಬುದ್ಧಿ. ಉತ್ತರ ನಾನು ಹೇಳ್ತೀನಿ. ಸರಿಯಾದ್ರೆ ಇವರನ್ನ ಬಿಟ್ಟುಬಿಡಿ."

"ತಪ್ಪಿದ್ರೆ ಇಬ್ಬರಿಗೂ ಒಂದೇ ಹಗ್ಗ."

"ಆಗಲಿ, ಬುದ್ಧಿ." ಕೆಂಚ ಕಂಬ ಬಿಟ್ಟು ಮುಂದೆ ಬಂದ. "ಹಂಚಿದ್ದು ನಿಂತ ಜಾಗ. ಇಲಿಯ ಪಿಂಡ ಮೊದಲು ಒಂದೇ ಥರದ ಕಣಗಳ ಚಿಕ್ಕ ಉಂಡೆ. ಹೊರಗಡೆ ನಿಂತ ಕಣಗಳು ಮಾಸು ಆಗ್ತವೆ, ಒಳಗಿನ ಜೀವಕ್ಕೆ ಅನ್ನ ತಂದುಕೊಡೋ ಮನೆ ಅದೇ. ಸುತ್ತಲೂ ಬೇರೆಯವು ಒತ್ತಿಕೊಂಡಿರೋ ಒಳಗಿನವು ಮರಿಯಾಗೋ ದಾರಿ ಹಿಡೀತವೆ."

"ಹೆರಿಗೆ ಕೋಣೆ ಮಾತು ತಂದು ಸಭೆಯಲ್ಲಿ ಆಡ್ತಾನಲ್ಲಪ್ಪ!" ಎಂದು ಯಾರೋ ಮೂಗು ಮುರಿದರು.

ಪದ್ಮಲೆ ಮಾತ್ರ ತಲೆಯೆತ್ತಿ ನೋಡಿದಳು. "ಸರಿ. ಎರಡನೆಯದು. ಬಾಯಿಲ್ಲದವನು ಹೇಳಿದ, ಕಿವಿಯಿಲ್ಲದವನು ಕೇಳಿದ. ಹೇಳಿದವನು ಒಂದಾದ, ಕೇಳಿದವನು ಇನ್ನೊಂದಾದ. ಯಾರವರು?"

"ಒಳಗೆ ಉಳಿದ ಕಣಗಳೇ, ಅಮ್ಮಣ್ಣಿ. ಕೆಲವು ಒಂದು ಸತ್ವ ಸುರಿಸ್ತವೆ. ಅದು ಸೋಕಿದ ಪಕ್ಕದವು ಅದೇ ಬರಹದಲ್ಲಿ ಬೇರೆ ಸಾಲು ಓದಿಕೊಂಡು ಮರಿಯನ್ನ ಸುತ್ತೋ ಪೊರೆ ಆಗ್ತವೆ. ಸುರಿಸಿದವು ಮರಿಯಾಗ್ತವೆ. ವೈದ್ಯರು ಒಂದ್ಸಲ ಆ ಸತ್ವವನ್ನ ತಾವೇ ಧಾರಾಳವಾಗಿ ಹಾಕಿದ್ರು. ಒಳಗಿದ್ದವೆಲ್ಲ ಪೊರೆಯಾದವು, ಮರಿಯಾಗೋಕೆ ಒಂದೂ ಉಳೀಲಿಲ್ಲ."

"ಹೌದು," ಎಂದಳು ಪದ್ಮಲೆ. ಅವಳ ದನಿ ಇಳಿದಿತ್ತು. "ಮೂರನೆಯದು. ಇವತ್ತು ಹೇಳಿದರೆ ದಾರಿಯನ್ನೇ ಬದಲಿಸುವ ಮಾತು, ನಾಳೆ ಅದನ್ನೇ ಹೇಳಿದರೆ ಏನೂ ಆಗುವುದಿಲ್ಲ. ಯಾಕೆ?"

ಕೆಂಚನ ಕಣ್ಣು ತುಂಬಿತು. ಯುವರಾಜ ಕಣ್ಣು ಮುಚ್ಚಿಕೊಂಡ.

"ಗೊತ್ತಿಲ್ಲವೋ?" ಎಂದ ದೊರೆ.

"ಗೊತ್ತು, ಬುದ್ಧಿ." ಕಣ್ಣೀರು ಒರೆಸಿಕೊಂಡು ಹೇಳಿದ. "ಕೇಳಿಸಿಕೊಳ್ಳೋಕೂ ಒಂದು ಹೊತ್ತಿರುತ್ತೆ. ಮೊದಮೊದಲು ಕಣ ಇನ್ನೂ ಏನೂ ಆಗಿರಲ್ಲ, ಸತ್ವ ಸೋಕಿದ್ರೆ ದಾರಿ ಬದಲಿಸುತ್ತೆ. ಒಂದು ದಾರಿ ಗಟ್ಟಿಯಾದ ಮೇಲೆ ಅದೇ ಸತ್ವವನ್ನ ಎಷ್ಟು ಸುರಿದ್ರೂ ತಿರುಗಲ್ಲ. ಸೋವಣ್ಣ ನನ್ನ ಬಾಗಿಲಿಗೆ ಬಂದು ಕೇಳಿದ್ದ. ಆಗ ನಾನು ಬಾಯಿ ಬಿಡಲಿಲ್ಲ."

"ಸರಿ," ಎಂದಳು ಪದ್ಮಲೆ. ಭಟರು ಯುವರಾಜನ ತೋಳು ಬಿಟ್ಟರು. ದೊರೆ ಮುತ್ತಿನ ಹಾರ ತರಿಸಿ ಕೆಂಚನ ಕೊರಳಿಗೆ ಹಾಕಿ, ಅರ್ಧ ರಾಜ್ಯ ಇವನದು ಎಂದು ಸಾರಿದ. "ಮತ್ತೇನು ಬೇಕೋ, ಕೇಳು."

"ಈ ನೇಣಿನ ಕಟ್ಟಳೆ ಸಾಕು ಮಾಡಿ, ಬುದ್ಧಿ. ಮದುವೆ ಮಾತು ಅಮ್ಮಣ್ಣಿಯವರ ಇಷ್ಟಕ್ಕೆ ಬಿಡಿ. ನನಗೆ ಹೊನ್ನವ್ವನ ಮನೆಗೆ ಹೋಗಿಬರೋಕೆ ಅಪ್ಪಣೆ ಕೊಡಿ."

ದೊರೆ ತಲೆಯಾಡಿಸಿದ. ಪದ್ಮಲೆ ಎದ್ದು ನಿಂತಳು. "ನಾನೂ ಬರ್ತೀನಿ. ಮದುವೆ ಬೇಡ ಅಂತ ಯಾರೂ ಬಿಡಿಸಲಾಗದ ಒಗಟು ಹುಡುಕಿದವಳು ನಾನು. ಅಪ್ಪಾಜಿ ನೇಣು ಅಂದಾಗ ಸುಮ್ಮನಿದ್ದವಳೂ ನಾನೇ."

ಇಬ್ಬರೂ ನಡೆದೇ ಹೋದರು. ಹೊನ್ನವ್ವ ಲಾಯದ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೆಂಚ ಹಾರ ತೆಗೆದು ಅವಳ ಕಾಲ ಬಳಿ ಇಟ್ಟ.

"ಅವ್ವಾ, ಉತ್ತರ ನನಗೆ ಗೊತ್ತಿತ್ತು."

ಮುದುಕಿ ತಲೆಯೆತ್ತಿದಳು. "ಮತ್ಯಾಕೋ ಹೇಳ್ಲಿಲ್ಲ?"

"ಹೆದರಿಬಿಟ್ಟೆ, ಅವ್ವಾ."

ಹೊನ್ನವ್ವ ಹಾರವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ನಿಮ್ಮ ಮುತ್ತು ನಂಗ್ಯಾಕೆ? ಅವ್ನು ಹೋದಾಗಿಂದ ಕುದುರೆಗಳಿಗೆ ಹೊತ್ತಿಗೆ ಸರಿಯಾಗಿ ನೀರು ಕುಡಿಸೋರೇ ಇಲ್ಲ. ನನ್ನ ಕೈಲಿ ಬಾವಿ ಸೇದೋಕಾಗಲ್ಲ."

ಕೆಂಚ ಮೂಲೆಯಲ್ಲಿದ್ದ ಹಗ್ಗ, ಬಿಂದಿಗೆ ಎತ್ತಿಕೊಂಡು ಬಾವಿಯ ಕಡೆ ನಡೆದ. ಪದ್ಮಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಬಿಂದಿಗೆ ಹಿಡಿದು ಅವನ ಹಿಂದೆ ಹೋದಳು.