ಖಾಲಿ ಎಲೆಯ ಮುಂದೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿದ್ದ ವೃದ್ಧರನ್ನು ಸುತ್ತಲಿನ ಊರಿನವರು ಹೊಳೆಗುರುಗಳು ಅನ್ನುತ್ತಿದ್ದರು. ನಿಜವಾದ ಹೆಸರು ಅವರಿಗೇ ಮರೆತುಹೋಗಿತ್ತೋ ಏನೋ.

ಆಶ್ರಮದ ಊಟಕ್ಕೊಂದು ನಿಯಮವಿತ್ತು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕು. ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳಬಾರದು.

ಗುರುಗಳ ಶಿಷ್ಯ ಭೃಂಗೀಶ. ಒಳ್ಳೆಯವನು, ಶ್ರದ್ಧಾವಂತ. ಸ್ವಲ್ಪ ಅತಿ ಶ್ರದ್ಧಾವಂತ ಅಂತಲೇ ಇಟ್ಟುಕೊಳ್ಳಿ. ಊರಿನ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ, ಮಗ್ಗಿ ತಿದ್ದಿಸುವ ಕೆಲಸ ಅವನ ಪಾಲಿಗೆ ಬಂದಾಗ, ಊಟದ ನಿಯಮವನ್ನು ಪಾಠಕ್ಕೂ ತಂದುಬಿಟ್ಟ. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಮುಂದಕ್ಕೆ ಹೋಗುವಂತಿಲ್ಲ.

ಚಿಕ್ಕತಾಯಿ ಬರುವವರೆಗೆ ಅದು ಚೆನ್ನಾಗಿಯೇ ನಡೆಯಿತು.

ಅಂಬಿಗರ ಮಗಳು ಚಿಕ್ಕತಾಯಿ. ಎಣ್ಣೆ ಕಾಣದ ತಲೆ, ಒಂದು ಕಡೆ ನಿಲ್ಲದ ಕಣ್ಣು. ಒಂಬತ್ತರ ಮಗ್ಗಿಗೆ ಉಳಿದ ಮಕ್ಕಳು ಬೆರಳು ಮಡಚಿ ಎಣಿಸುತ್ತಿದ್ದರೆ, ಅವಳು ಆಗಲೇ ಬರೆದು ಮುಗಿಸಿ ಅದನ್ನೇ ನೋಡುತ್ತಾ ಕೂತಿರುತ್ತಿದ್ದಳು.

"ಅಣ್ಣಯ್ಯ, ಹದಿನೆಂಟರಲ್ಲಿರೋ ಒಂದನ್ನೂ ಎಂಟನ್ನೂ ಕೂಡಿದರೆ ಒಂಬತ್ತು. ಇಪ್ಪತ್ತೇಳರಲ್ಲಿರೋ ಎರಡನ್ನೂ ಏಳನ್ನೂ ಕೂಡಿದರೂ ಒಂಬತ್ತು. ತೊಂಬತ್ತರ ತನಕ ಹಾಗೇ ಬರುತ್ತೆ. ಯಾಕೆ?"

ಭೃಂಗೀಶನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದಲ್ಲ.

"ಪಾಠದಲ್ಲಿ ಇಲ್ಲದ್ದು ಕೇಳಬಾರದು. ಮುಗೀತಾ? ಇನ್ನೊಂದು ಸಲ ಬರಿ."

ಬರೆದಳು.

"ಇನ್ನೊಂದು ಸಲ."

ಮತ್ತೂ ಬರೆದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬರಬರುತ್ತಾ ಅವಳ ಪ್ರಶ್ನೆಗಳು ಕಡಿಮೆಯಾದವು, ಆಮೇಲೆ ನಿಂತೇ ಹೋದವು.

ಒಂದು ಬೆಳಗ್ಗೆ ಗುರುಗಳು ಜಗುಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಭೃಂಗೀಶ ಸೌದೆ ಒಡೆದು ಬೆವರು ಒರೆಸಿಕೊಳ್ಳುತ್ತಾ ಬಂದ.

"ಗುರುಗಳೇ, ಚಿಕ್ಕತಾಯಿ ಅಂತೂ ದಾರಿಗೆ ಬಂದಳು."

"ಹೌದೇ?"

"ಹಾರಾಟ ಇಲ್ಲ, ತರಲೆ ಇಲ್ಲ. ಎಲ್ಲರ ಜೊತೆಗೇ ಮುಗಿಸ್ತಾಳೆ. ಈಚೆಗೆ ಒಂದೆರಡು ತಪ್ಪೂ ಮಾಡ್ತಾಳೆ, ಬೇರೆ ಮಕ್ಕಳ ಹಾಗೆ."

ಗುರುಗಳ ಕೈ ಸೊಪ್ಪಿನಲ್ಲೇ ನಿಂತಿತು.

"ಅವಳ ಅಪ್ಪ ಬಂದಿದ್ದ," ಅಂದರು. "ಮಗು ಇನ್ನು ಪಾಠಕ್ಕೆ ಬರಲ್ಲ ಅಂತ ಹಟ ಹಿಡಿದಿದೆಯಂತೆ. ನಾಳೆಯಿಂದ ದೋಣಿಗೇ ಕರಕೊಂಡು ಹೋಗ್ತೀನಿ ಅಂದ."

"ಯಾಕಂತೆ ಗುರುಗಳೇ? ನಾನು ಒಂದು ದಿನ ಹೊಡೆದವನಲ್ಲ, ಬೈದವನಲ್ಲ."

"ಅದನ್ನ ಆಮೇಲೆ ನೋಡೋಣ. ಮಧ್ಯಾಹ್ನ ನೀನೂ ಪಂಕ್ತಿಯಲ್ಲಿ ಕೂರು. ಇವತ್ತು ನಾನೇ ಬಡಿಸ್ತೀನಿ."

ಮಧ್ಯಾಹ್ನ ಪಂಕ್ತಿ ಕೂತಿತು. ಒಂದು ತುದಿಗೆ ಆಶ್ರಮದಲ್ಲೇ ಇದ್ದ ಹಲ್ಲಿಲ್ಲದ ಅಜ್ಜ, ಇನ್ನೊಂದು ತುದಿಗೆ ಭೃಂಗೀಶ, ಅವನ ಪಕ್ಕ ಚಿಕ್ಕತಾಯಿ, ನಡುವೆ ಉಳಿದ ಮಕ್ಕಳು. ಗುರುಗಳು ಮುತ್ತುಗದ ಎಲೆಗಳ ತುದಿಗೆ ಉಪ್ಪು ಬಡಿಸಿದರು. ಎಲ್ಲರಿಗೂ ಒಂದೇ ಅಳತೆಯ ಸಣ್ಣ ಸೌಟಿನಲ್ಲಿ ಅನ್ನ ಹಾಕಿ ಸಾರು ಬಿಟ್ಟರು.

ಸೌದೆ ಒಡೆದ ಹೊಟ್ಟೆ. ಭೃಂಗೀಶನ ಎಲೆ ನಾಲ್ಕೇ ತುತ್ತಿಗೆ ಖಾಲಿ.

ಗುರುಗಳು ಅನ್ನದ ಪಾತ್ರೆ ಹಿಡಿದು ಅವನ ಮುಂದೆಯೇ ಹೋದರು. ನಿಲ್ಲಲಿಲ್ಲ.

"ಗುರುಗಳೇ, ಇಲ್ಲಿ ಸ್ವಲ್ಪ ಅನ್ನ."

"ಎಲ್ಲರದ್ದೂ ಆಗಲಿ ಕಣಪ್ಪ."

ಅಜ್ಜ ಒಂದೊಂದೇ ಅಗುಳನ್ನು ವಸಡಿನಲ್ಲಿ ಅರೆಯುತ್ತಿದ್ದರು. ಭೃಂಗೀಶನ ಕೈ ಒಣಗಿತು. ಹೊಟ್ಟೆ ತಾಳ ಹಾಕತೊಡಗಿತು. ಒಳಗಿನಿಂದ ಪಾಯಸದ ಏಲಕ್ಕಿ ಘಮ ಬೇರೆ.

"ಗುರುಗಳೇ, ಎಲೆ ಖಾಲಿ ಇದೆ."

ಗುರುಗಳು ಬಂದರು. ಬಗ್ಗಿ, ಎಲೆಯ ತುದಿಗೆ ಚಿಟಿಕೆ ಉಪ್ಪು ಹಾಕಿದರು.

"ಉಪ್ಪು ಆಗಲೇ ಬಡಿಸಿದ್ದೀರಿ."

"ಎಲೆ ಖಾಲಿ ಅಂದೆಯಲ್ಲ," ಅಂದರು ಗುರುಗಳು, ಇನ್ನೊಂದು ಚಿಟಿಕೆ ಹಾಕಿ. "ಉಪ್ಪಿಗಿಂತ ರುಚಿಯಿಲ್ಲ ಅಂತಾರೆ." ಮೂರನೆಯ ಚಿಟಿಕೆಯನ್ನೂ ಹಾಕಿ ಮುಂದಕ್ಕೆ ಹೋದರು.

ಭೃಂಗೀಶನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಏಳುವ ಹಾಗಿಲ್ಲ, ಉಣ್ಣಲು ಏನೂ ಇಲ್ಲ. ಎಲೆಯ ಕಡ್ಡಿ ಕೀಳುತ್ತಾ ಕೂತ.

ಚಿಕ್ಕತಾಯಿ ಅವನನ್ನು ನೋಡುತ್ತಲೇ ಇದ್ದಳು. ಮೆಲ್ಲಗೆ ಅವನ ಕಡೆ ವಾಲಿದಳು.

"ಅಣ್ಣಯ್ಯ, ಬೇಗ ಮುಗಿಸಬಾರದು. ಬೇಗ ಮುಗಿಸಿದರೆ ಸುಮ್ಮನೆ ಕೂರಬೇಕು, ಇಲ್ಲಾಂದರೆ ಅದನ್ನೇ ಮತ್ತೆ ಮತ್ತೆ ಕೊಡ್ತಾರೆ. ಪಕ್ಕದವರನ್ನ ನೋಡಿಕೊಂಡು ಅವರ ಹಾಗೇ ನಿಧಾನಕ್ಕೆ ಮಾಡಬೇಕು. ನಡುವೆ ಒಂದೆರಡು ತಪ್ಪು ಮಾಡಿದರೆ ಇನ್ನೂ ಒಳ್ಳೇದು. ಮೊದಮೊದಲು ಕಷ್ಟ ಆಗುತ್ತೆ. ಆಮೇಲೆ ಅಭ್ಯಾಸ ಆಗುತ್ತೆ."

"ಯಾವುದು ತಾಯಿ? ಊಟವಾ?"

"ಅಲ್ಲ. ಮಗ್ಗಿ."

ಅವಳು ದೂರು ಹೇಳುತ್ತಿರಲಿಲ್ಲ. ಕಷ್ಟದಲ್ಲಿದ್ದವನಿಗೆ ತನಗೆ ಗೊತ್ತಿದ್ದ ಉಪಾಯ ಹೇಳಿಕೊಡುತ್ತಿದ್ದಳು, ಅಷ್ಟೇ. ಭೃಂಗೀಶ ಕಡ್ಡಿ ಕೀಳುವುದನ್ನು ಬಿಟ್ಟು ಅವಳನ್ನೇ ನೋಡಿದ.

ಅಷ್ಟರಲ್ಲಿ ಗುರುಗಳು ಬಂದು ಅವನ ಎಲೆ ತುಂಬ ಬಿಸಿ ಅನ್ನ ಹಾಕಿದರು, ಸಾರು ಬಿಟ್ಟರು, ಪಾಯಸ ಸುರಿದರು. ಅವನು ಯಾರ ಮುಖವನ್ನೂ ನೋಡದೆ ಉಂಡು ಮುಗಿಸಿದ.

ಅಜ್ಜ ಕೊನೆಗೂ ಎಲೆ ಮಡಚಿದರು. ಪಂಕ್ತಿ ಎದ್ದಿತು. ಭೃಂಗೀಶ ಹೊಳೆಗೆ ಹೋಗಿ ಕೈ ತೊಳೆದು ಅಲ್ಲೇ ನಿಂತ. ಹಿಂದೆಯೇ ಗುರುಗಳು ಪಾತ್ರೆ ಹಿಡಿದುಕೊಂಡು ಬಂದರು.

"ಮಗುವನ್ನ ಹಸಿವಿನಲ್ಲಿ ಕೂರಿಸಿಬಿಟ್ಟೆ ಗುರುಗಳೇ," ಅಂದ. ಕಣ್ಣು ತುಂಬಿತ್ತು. "ನಿಯಮ ತಪ್ಪಬಾರದು ಅಂದುಕೊಂಡಿದ್ದೆ."

"ಪಂಕ್ತಿಯಿಂದ ಏಳಬಾರದು ಅನ್ನೋದು ಉಣ್ಣೋರ ನಿಯಮ. ಎಲೆ ಖಾಲಿ ಬಿಡಬಾರದು ಅನ್ನೋದು ಬಡಿಸೋರ ನಿಯಮ. ನೀನು ಬಡಿಸೋಕೆ ನಿಂತವನು."

ಭೃಂಗೀಶ ತಲೆ ತಗ್ಗಿಸಿದ. ಇಷ್ಟು ದಿನ ನುಂಗಿಕೊಂಡಿದ್ದನ್ನು ಹೇಳಿದ.

"ಬಡಿಸೋಣ ಅಂದರೆ ನನ್ನ ಪಾತ್ರೆಯಲ್ಲಿ ಅಷ್ಟಿಲ್ಲ ಗುರುಗಳೇ. ಆ ಒಂಬತ್ತರದ್ದು ಯಾಕೆ ಹಾಗೆ ಅಂತ ನನಗೂ ಗೊತ್ತಿಲ್ಲ. ನಾಳೆ ಇನ್ನೇನು ಕೇಳ್ತಾಳೋ, ಅದೂ ಗೊತ್ತಿರಲ್ಲ."

ಕೆಳಗೆ ಕಡವಿನಲ್ಲಿ ಅಂಬಿಗ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಚಿಕ್ಕತಾಯಿ ಆಗಲೇ ಹತ್ತಿ ಕೂತು, ನೀರಿನಲ್ಲಿ ಬೆರಳಾಡಿಸುತ್ತಾ ಏನನ್ನೋ ಎಣಿಸುತ್ತಿದ್ದಳು.

ಗುರುಗಳು ಕೈಯಲ್ಲಿದ್ದ ಬರಿದಾದ ಪಾತ್ರೆಯನ್ನು ಶಿಷ್ಯನ ಕೈಗೆ ಕೊಟ್ಟರು.

"ಪಾತ್ರೆ ಬರಿದಾಯ್ತು ಅಂತ ಯಾರಾದರೂ ಪಂಕ್ತಿ ಎಬ್ಬಿಸ್ತಾರೇನೋ ಮಗ? ಅಡುಗೆಮನೆಗೆ ಹೋಗ್ತಾರೆ. ಓಡು, ಅವಳನ್ನೂ ಕರಕೊಂಡು ಹೋಗು."